ಹೊಸ ಕಂಪ್ಯೂಟರ್ ಮಾಡಿದ ಉಪಕಾರ

ನನ್ನ ಗಂಡ ಬಿಡಿಭಾಗಗಳನ್ನು ತಂದು ಊಟದ ಮೇಜಿನ ಮೇಲೆಯೇ ಕಂಪ್ಯೂಟರ್ ಜೋಡಿಸಿದರು. ನಾನೂ ಅತ್ತೆಯೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು. ವರ್ಷವಿಡೀ ತಾವು ಕುಯ್ದ ಪಿಟೀಲಿನ ರೆಕಾರ್ಡಿಂಗುಗಳನ್ನು ತಿದ್ದಿ ತೀಡಿ ನೆಂಟರಿಗೆಲ್ಲ ಕಳಿಸಬೇಕೆಂಬುದೇ ಈ ಸಂಭ್ರಮಕ್ಕೆಲ್ಲ ಕಾರಣ.

ಆಮೇಲೆ ಆಪರೇಟಿಂಗ್ ಸಿಸ್ಟಂ ಹಾಕಲು ಕೂತರು. ಡ್ರಾಯರಿನಲ್ಲಿ ಸಿಕ್ಕಿದ ಪೆನ್ ಡ್ರೈವಿಗೆ ನನ್ನ ಲ್ಯಾಪ್‌ಟಾಪಿನಿಂದ ಅದನ್ನು ತುಂಬಿದರು. ಅದರಲ್ಲಿದ್ದದ್ದನ್ನೆಲ್ಲ ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿದ್ದಕ್ಕೆ ಪೂರ್ತಿ ಓದದೆ ಹೂಂ ಅಂದರು. ಹೊಸ ಯಂತ್ರಕ್ಕೆ ಚುಚ್ಚಿದಾಗ, ಯಾವ ಭಾಷೆ ಬೇಕು ಎಂದು ಪರದೆ ಕೇಳಿತು. ಹೇಳಿದರು. ಬಹಳ ಹೊತ್ತು ಏನೇನೋ ಹಾಕಿಕೊಂಡು, ತಾನೇ ಆಫ್ ಆಗಿ ಆನ್ ಆಗಿ, ಯಾವ ಭಾಷೆ ಬೇಕು ಎಂದು ಮತ್ತೆ ಕೇಳಿತು. ಮತ್ತೆ ಹೇಳಿದರು. ಇನ್ನೊಮ್ಮೆಯೂ ಅದನ್ನೇ ಕೇಳಿದಾಗ ತಲೆಕೆಟ್ಟು, ಪೆನ್ ಡ್ರೈವನ್ನು ಕಿತ್ತು ಮೇಜಿನ ಮೇಲೆ ಕುಕ್ಕಿ, ಆಫ್ ಮಾಡಿ ಆನ್ ಮಾಡಿದರು. ಅದು ಯಂತ್ರದಲ್ಲಿ ಚುಚ್ಚಿರುವವರೆಗೂ ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತಂತೆ. ಈಗ ಕಂಪ್ಯೂಟರ್ ನೆಟ್ಟಗೆ ತೆರೆದುಕೊಂಡಿತು.

ಇವರು ಹಿಗ್ಗಿ ಹೀರೇಕಾಯಿಯಾದರು.

“ಎಲ್ಲಿ, ಡ್ರಾಯರಿಂದ ಪಿಟೀಲಿನ ಪೆನ್ ಡ್ರೈವ್ ತಗೊಂಡ್ ಬಾ.”

“ಅಲ್ಲಿದ್ದದ್ದು ಒಂದೇರೀ. ಈಗ ತಾನೇ ಕುಕ್ಕಿದ್ರಲ್ಲ, ಅದೇ.”

ಹೀರೇಕಾಯಿ ಬಾಡಿತು. ಮೂಲೆಯ ಕುರ್ಚಿಯಿಂದ ಅತ್ತೆ, ಯಾವುದನ್ನೂ ಸುಲಭಕ್ಕೆ ಹೊಗಳದವರು, ಕನ್ನಡಕ ಸರಿಮಾಡಿಕೊಂಡು ಹೇಳಿದರು:

“ಒಳ್ಳೇ ಕಂಪ್ಯೂಟರ್ ಕಣೋ. ಬಂದ ದಿನಾನೇ ಮನೆಯವರ ಕಷ್ಟ ಅರ್ಥ ಮಾಡ್ಕೊಂಡಿದೆ.”