ತಿರುಗಿ ಬಂದ ಮೊರ

ನಾವು ಅಗೆಯುತ್ತಿದ್ದ ಕಾಲುವೆ ಹೊಸಪೇಟೆಯವರಿಗೆ ಬೇಕಿತ್ತು. ನಾವು ಮಾತ್ರ ಬೇಡವಾಗಿದ್ದೆವು.

ಮೇಲ್ಮಟ್ಟದ ಕಾಲುವೆಗೆ ಬಂಡೆ ಒಡೆಯುತ್ತಿದ್ದ ವರ್ಷ ನಮ್ಮ ಕೂಲಿ ಕ್ಯಾಂಪಿಗೆ ವಾಂತಿಭೇದಿ ಹೊಕ್ಕಿತು. ಕುಡಿಯಲು ಇದ್ದದ್ದು ಬಂಡೆ ಸಿಡಿಸಿದ ಗುಂಡಿಯಲ್ಲಿ ನಿಂತ ಹಸಿರು ನೀರು. "ಈ ನೀರೇ ನಿಮ್ಮನ್ನ ಕೊಲ್ಲಾಕತ್ತೈತಿ. ಬಾವಿ ನೀರು ತಂದು ಕುದಿಸಿ ಕುಡೀರಿ" ಎಂದು ಹೇಳಿ ಕಾಂಪೌಂಡರ್ ಸೈಕಲ್ ಹತ್ತಿದ. ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ?

ಬಾವಿ ಇದ್ದದ್ದು ಪೇಟೆಯ ಅಂಚಿನ ಓಣಿಯಲ್ಲಿ. ನಾವು ಅದರ ಹಗ್ಗ ಮುಟ್ಟುವಂತಿರಲಿಲ್ಲ. ದೂರ ನಿಂತರೆ ಯಾರಾದರೂ ಸೇದಿ ಹಾಕುತ್ತಿದ್ದರು. ಬೇನೆ ಶುರುವಾದ ಮೇಲೆ ಓಣಿಯ ಹಿರಿಯ ಪಂಪಣ್ಣ ಅದನ್ನೂ ನಿಲ್ಲಿಸಿದ. ನನ್ನ ಗಂಡ ಎರ್ರೆಪ್ಪ ಕೊಡ ಹಿಡಿದು ಅಲ್ಲಿಯ ಬೇವಿನ ಮರದ ಕೆಳಗೆ ಹೊತ್ತೇರುವವರೆಗೆ ನಿಂತ.

"ದೂರ ನಿಲ್ಲಲೇ" ಎಂದ ಪಂಪಣ್ಣ. ಅಷ್ಟೇ ಎಂದ.

ಎರ್ರೆಪ್ಪ ಗುಂಡಿಯ ನೀರು ಕುಡಿದ, ಸತ್ತ. ಅವನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಮಗಳು ಗಾಳೆಮ್ಮ ವಾಂತಿ ಮಾಡಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಹಲಗೆ ಬಡಿಯುವ ಸದ್ದು ಕೇಳಿಸಿತು. ಓಣಿಯಲ್ಲೂ ಇಬ್ಬರು ಬೇನೆ ಬಿದ್ದು ಮಲಗಿದ್ದರಂತೆ. ಬೇನೆಯ ಅಮ್ಮನನ್ನು ಸೀಮೆಯಾಚೆ ಕಳಿಸುವುದು ನಮ್ಮ ಕಡೆಯ ರೂಢಿ. ಮೊರದಲ್ಲಿ ಬೇವು, ಅರಿಶಿನ, ಹಸಿರು ಬಳೆ, ಮೊಸರನ್ನ ಇಟ್ಟು ಆಚೆಯೂರಿನ ಗಡಿಯಲ್ಲಿ ಬಿಡುತ್ತಾರೆ. ಆ ಊರಿನವರು ಇನ್ನೂ ಆಚೆಗೆ ದಾಟಿಸುತ್ತಾರೆ. ಕಳಿಸಿದವರು ತಿರುಗಿ ನೋಡಬಾರದು, ಆ ಮೊರವನ್ನು ಮತ್ತೆ ಮುಟ್ಟಬಾರದು. ಮುಟ್ಟಿದರೆ ವಂಶ ಉಳಿಯುವುದಿಲ್ಲ. ಪಂಪಣ್ಣ ಆ ಮೊರವನ್ನು ನಮ್ಮ ಗುಡಿಸಲುಗಳ ಮುಂದೆ ಇಡಿಸಿ ಹೋದ. ಗಾಯದ ಮೇಲೆ ಬರೆ ಅಂದರೆ ಇದೇ.

"ಮುಂದಕ ದಾಟಿಸೂನು ನಡಿ, ದುರ್ಗವ್ವ" ಎಂದಳು ಪಕ್ಕದ ಗುಡಿಸಲಿನ ಮುದುಕಿ ಜಂಬವ್ವ.

"ಎಲ್ಲಿಗಬೇ? ಮುಂದ ಬರೇ ಬಂಡೆಗಲ್ಲು ಐತಿ."

ಮೊರ ಎತ್ತಿ ತಲೆಯ ಮೇಲಿಟ್ಟುಕೊಂಡೆ, ಸೊಂಟಕ್ಕೆ ಕೊಡ ಇಟ್ಟುಕೊಂಡೆ. ಜಂಬವ್ವ ಬಾಯಿ ಬಡಿದುಕೊಂಡಳು. "ಯವ್ವಾ, ಸಿಟ್ಟಾಗಬ್ಯಾಡ. ನಿನ್ನ ಹೊರಗ ಹಾಕಿದವ್ರ ಹತ್ರನ ಬಿಡ್ತೀನಿ" ಎಂದು ಅಮ್ಮನಿಗೆ ಹೇಳುತ್ತಾ ನಡೆದೆ. ಓಣಿಯವರು ಉಣ್ಣಲು ಕುಳಿತಿದ್ದ ಹೊತ್ತು ಅದು. ಮೊರವನ್ನು ಬಾವಿಕಟ್ಟೆಯ ಮೇಲಿಟ್ಟೆ. ನಮ್ಮವರು ಮುಟ್ಟದ ಹಗ್ಗ ಹಿಡಿದು ಕೊಡ ತುಂಬಿಸಿದೆ.

ಕೈ ತೊಳೆಯಲು ಹೊರಗೆ ಬಂದವಳೊಬ್ಬಳು ಮೊರ ನೋಡಿ ಕಿರುಚಿದಳು. ಆಮೇಲೆ ಅಮ್ಮ ಬಂದು ಕುಳಿತ ಬಾವಿಯ ಹತ್ತಿರ ಓಣಿಯವರು ಯಾರೂ ಸುಳಿಯಲಿಲ್ಲ. ನಾವು ಮಾತ್ರ ಸೇದಿದೆವು, ಕುದಿಸಿದೆವು, ಕುಡಿದೆವು. ಗಾಳೆಮ್ಮ ಎದ್ದು ಕುಳಿತು ಗಂಜಿ ಬೇಡಿದಳು.

ಓಣಿಗೆ ಬೇರೆ ಬಾವಿ ಇರಲಿಲ್ಲ. ಅವರು ನಮ್ಮ ಗುಂಡಿಗೇ ಇಳಿದರು. ಆ ನೀರು ಕುಡಿಯಬೇಡಿ ಎಂದು ನಾನು ಹೇಳಲಿಲ್ಲ. ಕಾಂಪೌಂಡರ್ ಹೇಳಿರಬಹುದು, ನನಗೇನು?

ಕೊನೆಗೆ ಪಂಪಣ್ಣನೇ ಕೊಡ ಹಿಡಿದು ಬಂದ. ಮುಖ ಇಳಿದಿತ್ತು.

"ಮೊಮ್ಮಗ ಮಲಗ್ಯಾನವ್ವ. ಮೊರ ನೀನ ತಗೀಬೇಕು. ಇಲ್ಲಾ, ಒಂದು ಕೊಡ ನೀರರ ಹಾಕು."

"ದೂರ ನಿಲ್ರಿ" ಎಂದೆ. "ಮೊದ್ಲು ನಮ್ಮ ಕ್ಯಾಂಪಿನ ಕೊಡ ತುಂಬ್ಲಿ."

ಅವನು ಹೋಗಿ ಬೇವಿನ ಮರದ ಕೆಳಗೆ, ಎರ್ರೆಪ್ಪ ನಿಂತಿದ್ದ ಜಾಗದಲ್ಲೇ ನಿಂತ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ನಮ್ಮ ಕ್ಯಾಂಪಿನ ಕೊಡಗಳ ಸಾಲು ಓಣಿಯ ತುದಿಯವರೆಗೂ ಇತ್ತು. ನಾನು ನಿಧಾನವಾಗಿ ಹಗ್ಗ ಇಳಿಬಿಟ್ಟೆ.