ಹಾಳೆಯ ಕೆಳಗಿನ ಅಂಚು

ಶಾಲೆಯ ಕಿಟಕಿಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ಜಾಮ್ ಬಾಟಲಿಗಳ ಸ್ಟ್ರಾಗಳೆಲ್ಲ ಒಟ್ಟಿಗೆ ತಲೆ ತಗ್ಗಿಸಿದ್ದವು, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಮಕ್ಕಳ ಜಡೆಗೆ ಕಟ್ಟುವ ಬಿಳಿ ರಿಬ್ಬನ್ನು ತೆಗೆದುಕೊಂಡು ಹೋಗಲು ಬಂದ ಫುಸಿ ಟೀಚರು ಹೊಸ್ತಿಲಲ್ಲೇ ನಿಂತರು.

ಗಾಳಿಗೂ ಭಾರವಿದೆ ಎಂದು ತೋರಿಸಲು ಆ ವಾರ ಮಕ್ಕಳ ಕೈಯಲ್ಲೇ ಮಾಡಿಸಿದ್ದು ಅದು. ಬಾಟಲಿಯ ಬಾಯಿಗೆ ಬಲೂನಿನ ತುಂಡು ಎಳೆದು ಕಟ್ಟಿ, ಅದರ ಮೇಲೊಂದು ಸ್ಟ್ರಾ ಅಂಟಿಸಿ, ಸ್ಟ್ರಾದ ತುದಿಯ ಹಿಂದೆ ಟೀಚರು ಪ್ರಿಂಟು ಮಾಡಿಕೊಟ್ಟ ಹಾಳೆ ನಿಲ್ಲಿಸಿದ್ದರು. ಮೇಲೆ ಸೂರ್ಯ, ನಡುವೆ ಬಿಳಿ ಮೋಡ, ಕೆಳಗೆ ಕರಿಮೋಡ. ಬಣ್ಣ ತುಂಬಿದ್ದು ಮಕ್ಕಳು. ಹೊರಗಿನ ಗಾಳಿ ಹಗುರಾದರೆ ಬಲೂನು ಉಬ್ಬುತ್ತದೆ, ಸ್ಟ್ರಾದ ತುದಿ ಇಳಿಯುತ್ತದೆ. ಈಗ ಎಲ್ಲವೂ ಕರಿಮೋಡದ ಮೇಲಿದ್ದವು.

ಬಿಸಿಲಿಗೆ ಬಾಟಲಿ ಕಾದರೂ ಹೀಗಾಗುತ್ತದೆ ಎಂದು ಪಾಠದಲ್ಲಿ ಹೇಳಿದವರೂ ಅವರೇ. ಅದಕ್ಕೇ ತಮ್ಮನ ಮಗ ಲಾತುವಿನ ಬಾಟಲಿಯನ್ನು ಹಾಳೆಯ ಸಮೇತ ಒಯ್ದು ಮಳೆನೀರಿನ ತೊಟ್ಟಿಯ ನೆರಳಲ್ಲಿ, ತಣ್ಣೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರು. ತಂಪಾದರೆ ಸ್ಟ್ರಾ ಏಳಬೇಕು. ದೋಣಿ ನಿಲ್ಲುವ ದಕ್ಕೆಯ ಕಡೆಯಿಂದ ಮಕ್ಕಳು ಬೈಬಲ್ ವಚನ ಒಪ್ಪಿಸುವ ದನಿ ಬರುತ್ತಿತ್ತು. ಬಾಟಲಿ ತಣ್ಣಗಾಯಿತು. ಸ್ಟ್ರಾ ಇನ್ನೂ ಒಂದಿಷ್ಟು ಇಳಿಯಿತು.

ಫುಸಿ ಬಾಟಲಿಯನ್ನು ಎದೆಗವಚಿಕೊಂಡು ದಕ್ಕೆಗೆ ಓಡಿದರು.

ಮರುದಿನ ಪಕ್ಕದ ದೊಡ್ಡ ದ್ವೀಪದ ಚರ್ಚಿನಲ್ಲಿ ಮಕ್ಕಳ ಭಾನುವಾರ. ಈಸ್ಟರಿನಿಂದ ಬಾಯಿಪಾಠ ಮಾಡಿದ ವಚನಗಳನ್ನು ಮಕ್ಕಳು ಊರೆದುರು ಹೇಳುವ ದಿನ. ತಾಯಂದಿರಿಗೆ ವರ್ಷದ ಮಾನ ಅದೇ. ದೋಣಿಯಲ್ಲಿ ಬಿಳಿ ಬಟ್ಟೆಯ ಮಕ್ಕಳು, ಸುಟ್ಟ ಹಂದಿ, ಗೆಣಸಿನ ಬುಟ್ಟಿ ಎಲ್ಲ ಏರಿದ್ದಾಗಿತ್ತು. ದೋಣಿ ಫುಸಿಯ ತಮ್ಮ ಸಿಯೋಸಾಯಾನದು.

"ಈ ದಿನ ಬೇಡ ಕಣೋ. ಗಾಳಿ ಸರಿಯಿಲ್ಲ."

ಅಕ್ಕನ ಮುಂದೆ ತಮ್ಮ ತಮಾಷೆ ಮಾಡುವ ಪದ್ಧತಿಯಿಲ್ಲ. ಅವನು ಹಗ್ಗ ನೋಡುತ್ತಲೇ ಹೇಳಿದ: "ಉತ್ತರಕ್ಕೆ ಎಲ್ಲೋ ದೂರ ಸಣ್ಣ ಸುಳಿಗಾಳಿ ಇದೆಯಂತೆ ಅಕ್ಕ. ಈ ಕಡೆ ಬರಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು. ಮೇ ತಿಂಗಳು ಬೇರೆ. ಚಂಡಮಾರುತದ ಕಾಲ ಮುಗೀತಲ್ಲ."

ಚಾಪೆಯ ಸುರುಳಿಯ ಮೇಲೆ ಕೂತಿದ್ದ ಕಾಲೋ ಅಜ್ಜಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ. "ಬಾಟಲಿ ಬಾಯಿಗೆ ರಬ್ಬರು ಕಟ್ಟಿದ ಕೂಡ್ಲೆ ಪ್ರವಾದಿ ಆಗ್ಬಿಡುತ್ತೇನೇ? ನನ್ನ ಉಪ್ಪಿನ ಡಬ್ಬೀನೂ ಕಳಿಸ್ತೀನಿ, ಪಾದ್ರಿ ಮಾಡು!"

ಹೆಂಗಸರೆಲ್ಲ ಗೊಳ್ಳೆಂದರು.

"ನಗು ಅಜ್ಜಿ. ನಾಳೆ ನಾನು ಸುಳ್ಳಾದ್ರೆ ವರ್ಷವಿಡೀ ನಗು," ಎಂದರು ಫುಸಿ.

ಆ ದ್ವೀಪಗಳಲ್ಲಿ ತಮ್ಮನ ಮಕ್ಕಳ ಮೇಲೆ, ಹಂದಿಯ ಮೇಲೆ, ದೋಣಿಯ ಮೇಲೆ ಅಕ್ಕನ ಹಕ್ಕು ಮೊದಲು. ಬೇಕೆಂದರೆ ಕೊಡಬೇಕು, ಯಾಕೆಂದು ಕೇಳುವಂತಿಲ್ಲ. ಫುಸಿ ಅದುವರೆಗೆ ಒಂದು ಗೆಣಸನ್ನೂ ಕೇಳಿದವರಲ್ಲ.

"ಸಿಯೋಸಾಯಾ, ನಿನ್ನ ಮಕ್ಕಳು ನನಗೆ ಬೇಕು. ಇಳಿಸು."

ನಗು ನಿಂತಿತು. ಅವನ ಕಿವಿ ಕೆಂಪಾಯಿತು. ಲಾತುವನ್ನೂ ಅವನ ತಂಗಿಯನ್ನೂ ಎತ್ತಿ ದಕ್ಕೆಯ ಮೇಲಿಟ್ಟ. ದೋಣಿಯವನ ಮಕ್ಕಳೇ ಇಳಿದ ಮೇಲೆ ಬೇರೆ ಯಾವ ತಾಯಿ ತನ್ನದನ್ನು ಬಿಟ್ಟಾಳು? ಗೊಣಗುತ್ತ, ಟೀಚರನ್ನು ಬೈಯುತ್ತ, ಎಲ್ಲರೂ ತಂತಮ್ಮ ಮಕ್ಕಳನ್ನು ಇಳಿಸಿಕೊಂಡರು.

"ಹಬ್ಬದ ಊಟ ಆದ್ರೂ ತಲುಪಬೇಕಲ್ಲ ಅಕ್ಕ, ಮಾತು ಕೊಟ್ಟಿದೀವಿ," ಎಂದ ಸಿಯೋಸಾಯಾ. "ಸಂಜೆಯೊಳಗೆ ಬರ್ತೀನಿ."

ಹಗ್ಗ ಬಿಚ್ಚುವಾಗ ಒಮ್ಮೆ ತಲೆಯೆತ್ತಿ ಅಕ್ಕನ ಮುಖ ನೋಡಿದ, ಇನ್ನೊಂದು ಮಾತಿಗೆ ಕಾದವನ ಹಾಗೆ. ದೋಣಿಯೂ ಬೇಕು ಎಂದಿದ್ದರೆ ಸಾಕಿತ್ತು. ಊರೆದುರು ಒಮ್ಮೆ ಅವನ ಮುಖ ತಗ್ಗಿಸಿದ್ದಾಗಿದೆ, ಮತ್ತೊಮ್ಮೆಯೇ? ಫುಸಿ ಬಗ್ಗಿ ಲಾತುವಿನ ಕೈ ಹಿಡಿದುಕೊಂಡರು. ದೋಣಿ ಬಂಡೆಸಾಲು ದಾಟಿ ಸಣ್ಣದಾಯಿತು.

ಮಧ್ಯಾಹ್ನಕ್ಕೆ ಗಾಳಿ ಪೂರ್ತಿ ನಿಂತುಹೋಯಿತು. ಕಡಲಹಕ್ಕಿಗಳು ಕೂಗದೆ ಒಳನಾಡಿನತ್ತ ಹಾರಿದವು. ಊರಿನಲ್ಲಿ ಗಟ್ಟಿಗೋಡೆಯ ಕಟ್ಟಡ ಶಾಲೆಯೊಂದೇ. ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿಗೇ ಬಂದು ಸೇರಿದರು. ಸಿಯೋಸಾಯಾನ ದೋಣಿ ಮಾತ್ರ ಇನ್ನೂ ಮರಳಿರಲಿಲ್ಲ. ಕಾಲೋ ಅಜ್ಜಿ ಮೂಲೆಯಲ್ಲಿ ಚಾಪೆ ಹಾಸಿ ಕೂತಳು.

"ಅತ್ತೆ, ನನ್ನ ವಚನ ಪೂರ್ತಿ ಬರ್ತಿತ್ತು," ಎಂದ ಲಾತು, ಇನ್ನೂ ಬಿಕ್ಕುತ್ತ.

"ನನಗೇ ಹೇಳು ಮಗು."

ಅವನು ಕೈಕಟ್ಟಿ ನಿಂತು ಶುರುಮಾಡಿದ. ನಡುವೆ ಅವನ ಕಣ್ಣು ಗೋಡೆಯ ಪಕ್ಕ ಇಟ್ಟಿದ್ದ ತನ್ನ ಬಾಟಲಿಯತ್ತ ಹೋಯಿತು, ದನಿ ನಿಂತಿತು.

"ಅತ್ತೆ, ಸ್ಟ್ರಾ ಹಾಳೆ ದಾಟಿ ಹೋಗಿದೆ. ಕರಿಮೋಡದ ಕೆಳಗೆ ಯಾವ ಚಿತ್ರ?"

ಫುಸಿ ನೋಡಿದರು. ಹಾಳೆ ಮುಗಿದ ಕಡೆ ಬರೀ ಗೋಡೆ.

"ಅಲ್ಲಿಗೆ ನಾನು ಏನೂ ಬರೆದಿಲ್ಲಪ್ಪ."

ಹೊರಗೆ, ದಕ್ಕೆಯ ಕಡೆಯ ಕಿಟಕಿಯ ಬಾಗಿಲು ತಾನಾಗಿ ಒಮ್ಮೆ ಬಡಿಯಿತು. ಮತ್ತೆ ಬಡಿಯಿತು.

"ನಿಲ್ಲಿಸಬೇಡ," ಎಂದರು ಫುಸಿ. "ಮುಂದಿನ ಸಾಲು ಹೇಳು. ಜೋರಾಗಿ ಹೇಳು."