ಅವತ್ತು ಏನು ಉಟ್ಟಿದ್ದೆ?

ಯಾರು ಯಾವ ದೇವರನ್ನಾದರೂ ಪೂಜಿಸಬಹುದು, ಕ್ರೈಸ್ತರಿಂದ ಕಿತ್ತುಕೊಂಡ ಮನೆ, ಸ್ಮಶಾನಗಳನ್ನು ಹಿಂದಿರುಗಿಸಬೇಕು ಎಂಬ ರಾಜಾಜ್ಞೆಯನ್ನು ಅಂಕಿರಾ ಪಟ್ಟಣದ ಸಂತೆಬೀದಿಯಲ್ಲಿ ತೂಗುಹಾಕಿ ವರ್ಷವಾಗಿತ್ತು. ಹುಲ್ಲಿನ ಉಗ್ರಾಣವಾಗಿದ್ದ ಪ್ರಾರ್ಥನಾಮಂದಿರ ಮತ್ತೆ ತೆರೆದಿತ್ತು. ಆದರೆ ಉಣ್ಣೆ ಹಿಂಜುವ ಅಮ್ಮಿಯಾಳಿಗೆ ಒಳಗೆ ಕಾಲಿಡಲು ಅಪ್ಪಣೆಯಿರಲಿಲ್ಲ. ಎರಡು ವರ್ಷದ ಹಿಂದೆ, ಬರದ ಚಳಿಗಾಲದಲ್ಲಿ, ಅಧಿಕಾರಿಗಳು ಬೀದಿಬೀದಿಯವರನ್ನು ಬಲವಂತವಾಗಿ ಗುಡಿಯ ಅಂಗಳಕ್ಕೆ ಕರೆದೊಯ್ದಾಗ ಅವಳು ಹಳೆಯ ದೇವತೆಗಳಿಗೆ ಧೂಪ ಹಾಕಿ ಬಲಿಯ ಊಟಕ್ಕೆ ಕುಳಿತಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ. ವಾರವಾರವೂ ಪ್ರಸಾದದ ರೊಟ್ಟಿ ಮುರಿಯುವ ಮುನ್ನ ಒಳಗೆ ಸತ್ತವರ ಹೆಸರು ಓದುತ್ತಿದ್ದರು. ಅದೇ ಚಳಿಗಾಲದಲ್ಲಿ ಸಿಡುಬಿನಿಂದ ತೀರಿಕೊಂಡ ಅವಳ ಏಳು ವರ್ಷದ ಮಗಳು ದೋಮ್ನಾಳ ಹೆಸರೂ ಅದರಲ್ಲಿತ್ತು. ಅದನ್ನು ಕಿವಿಯಾರೆ ಕೇಳಬೇಕು.

ತಪ್ಪಿದವರನ್ನು ಹೇಗೆ ಒಳಗೆ ಸೇರಿಸಿಕೊಳ್ಳಬೇಕೆಂದು ಹಿರಿಯರ ಸಭೆ ಆ ವಸಂತದಲ್ಲಿ ನಿಯಮ ಮಾಡಿತ್ತು. ಪಾದ್ರಿ ಅಕಾಕಿಯಸ್ ಮಂದಿರದ ಅಂಗಳದಲ್ಲಿ ಬರೆದುಕೊಳ್ಳಲು ಮೇಣದ ಹಲಗೆ ಹಿಡಿದು ಕುಳಿತಿದ್ದರು.

"ಅವತ್ತು ಏನು ಉಟ್ಟಿದ್ದೆ?"

"ಹಳದಿ ಉಡುಪು, ಅಯ್ಯನೋರೆ."

"ಮದುವೇದು," ಎಂದಳು ಸಾಕ್ಷಿಗೆ ಬಂದಿದ್ದ ಪಕ್ಕದ ಮನೆಯ ಬಾಸಿಲ್ಲಾ. "ಹೂವೂ ಮುಡ್ಕೊಂಡಿದ್ಲು. ನಗ್ತಾ ಹೋದ್ಲು."

"ಮುಖ ಗಂಟು ಹಾಕ್ಕೊಂಡೋರ ಮನೆ ಜಾಲಾಡ್ತಿದ್ರಲ್ಲಕ್ಕ. ಒಳಗೆ ಮಗು ಜ್ವರದಾಗೆ ಮಲಗಿತ್ತು. ನಿಂಗೇನು, ಆಳಿನ ಕೈಲಿ ಧೂಪ ಹಾಕ್ಸಿ ಮಾಳಿಗೆ ಮೇಲೆ ಗಾಳಿ ತಗೋತಾ ಕೂತಿದ್ದೆ."

ಸರದಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಬಾಸಿಲ್ಲಾಳ ಮುಖ ಕೆಂಪಾಯಿತು. "ಮಾಳಿಗೆಯಿಂದ ಎಲ್ಲಾನೂ ಕಾಣ್ತಿತ್ತು. ಇವಳ ತಟ್ಟೆಗೆ ಮಾಂಸ ಬಿತ್ತು. ಏಳೋವಾಗ ತಟ್ಟೆ ಖಾಲಿ."

ಅಕಾಕಿಯಸ್ ದನಿ ತಗ್ಗಿಸಿದರು. "ನೋಡು ತಾಯಿ, ಸರಿಯಾಗಿ ಯೋಚಿಸಿ ಹೇಳು. ತಿನ್ನದೇ ಎದ್ದೋರಿಗೆ ಎರಡೇ ವರ್ಷ ಪ್ರಾಯಶ್ಚಿತ್ತ, ಮೂರನೇ ವರ್ಷ ಎಲ್ಲರ ಜೊತೆ ನಿಂತು ಪ್ರಾರ್ಥನೆ ಮಾಡ್ಬಹುದು. ಸಿಂಗರಿಸ್ಕೊಂಡು ಹೋಗಿ ತಿಂದೋರಿಗೆ ಆರು. ತಿಂದ್ಯಾ?"

ಅವಳು ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ. ಮಾಂಸವನ್ನು ಉಡುಪಿನ ಮಡಿಕೆಯಲ್ಲಿ ಅಡಗಿಸಿ ತಂದಿದ್ದಳು. ಮನೆಯಲ್ಲಿ ಹುಲ್ಲಿನ ಬೇರು ಬೇಯಿಸಿದ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ದೋಮ್ನಾ ಬೆರಳು ನೆಕ್ಕುತ್ತಾ, "ಯಾರ ಮನೆ ಹಬ್ಬಾನಮ್ಮ?" ಎಂದು ಕೇಳಿತ್ತು. "ನಮ್ದೇ," ಎಂದಿದ್ದಳು.

ಬಲಿಪೀಠದ ಮುಂದೆ ನಿಲ್ಲದ ನಿರ್ಮಲ ಮಗು ಎಂದೇ ದೋಮ್ನಾಳನ್ನು ಪಟ್ಟಿಗೆ ಸೇರಿಸಿದ್ದರು. ಹದಿನೈದು ದಿನದ ಹಿಂದೆ ಚರ್ಮ ಹದಮಾಡುವವನ ಸತ್ತ ಮಗನೂ ಬಲಿಯ ಮಾಂಸ ತಿಂದಿದ್ದನೆಂದು ಗೊತ್ತಾದಾಗ, ಅವನ ಹೆಸರನ್ನು ಇದೇ ಅಂಗಳದಲ್ಲಿ ಕೆರೆದು ಹಾಕಿದ್ದರು.

"ತಿನ್ಲಿಲ್ಲ ಅಂದ್ರೆ ಮಾಂಸ ಎಲ್ಲಿಗೋಯ್ತು, ಅದನ್ನೂ ಹೇಳ್ಬೇಕಾಗುತ್ತೆ," ಎಂದರು ಅಕಾಕಿಯಸ್.

"ತಿಂದೆ, ಅಯ್ಯನೋರೆ."

"ಅಳ್ತಾ ತಿಂದ್ಯಾ?"

"ಇಲ್ಲ. ಹಸಿದಿದ್ದೆ. ಮೂಳೇನೂ ಚೀಪಿದೆ."

"ಮಗೂಗೆ?"

"ಒಂದು ಚೂರೂ ಕೊಡ್ಲಿಲ್ಲ."

"ಥೂ! ಹೆತ್ತೋಳಾ ನೀನು?" ಎಂದಳು ಬಾಸಿಲ್ಲಾ. ಈ ಸಲ ಯಾರೂ ನಗಲಿಲ್ಲ.

ಅಕಾಕಿಯಸ್ ಏನೋ ಕೇಳಲು ಬಾಯಿ ತೆರೆದು, ಕೇಳದೆ, ಮೇಣದ ಮೇಲೆ ಆರು ಗೀಟು ಎಳೆದರು. ಮೊದಲ ವರ್ಷ ಬಾಗಿಲ ಬಳಿ ನಿಂತು ಗ್ರಂಥದ ಓದನ್ನಷ್ಟೇ ಕೇಳಬೇಕು. ಆಮೇಲೆ ಮೂರು ವರ್ಷ ಮೊಣಕಾಲೂರಬೇಕು. ಕೊನೆಯ ಎರಡು ವರ್ಷವಷ್ಟೇ ಒಳಗೆ ನಿಂತು ಪ್ರಾರ್ಥನೆ.

ಭಾನುವಾರ ಓದು ಮುಗಿಯುತ್ತಲೇ ಬಾಗಿಲು ಕಾಯುವವನು ಅವಳನ್ನೂ ಉಳಿದ ತಪ್ಪಿತಸ್ಥರನ್ನೂ ಹೊರಗೆ ಕಳಿಸಿ ಅಗುಳಿ ಹಾಕಿದ. ಉಳಿದವರು ಮನೆಗೆ ಹೊರಟರು. ಅಮ್ಮಿಯಾ ಗೋಡೆಗೆ ಕಿವಿಯಿಟ್ಟಳು. ಕಲ್ಲು ದಪ್ಪಗಿತ್ತು. ಹೆಸರು ಓದುವ ದನಿ ಬರಿಯ ಗುಂಯ್ ಎನ್ನುವ ಸದ್ದಾಗಿತ್ತು. ಯಾವುದು ಯಾರ ಹೆಸರೋ ತಿಳಿಯದೆ, ಆ ಸದ್ದು ನಿಲ್ಲುವ ತನಕ ಅವಳು ಅಲ್ಲಿಂದ ಕದಲಲಿಲ್ಲ.